ಜೋಯಿಡಾದವನಿಗೂ ಕೇಳಬೇಕು: ಹಳೆಯ ಮೆಡಿಕಲ್ ಬ್ಯಾಚಿನ ಆನ್‌ಲೈನ್ ಪುನರ್ಮಿಲನ ನಡೆಸುವ ಬಗೆ

ಉತ್ತರ ಕನ್ನಡ ಜಿಲ್ಲೆಗೆ ತನ್ನದೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2016ರಲ್ಲಿ, ಕಾರವಾರಕ್ಕೆ. ಅದಕ್ಕೂ ಮುಂಚೆ ಇಲ್ಲಿ ಡಾಕ್ಟರಾಗಬೇಕು ಅಂದವರು ಟ್ರಂಕು ಹೊತ್ತು ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಳಗಾವಿಗೋ ಹೋಗಲೇಬೇಕಿತ್ತು. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ನಾವೊಂದಿಷ್ಟು ಜನ 1972ರಲ್ಲಿ ಹತ್ತಿದ್ದು ಹುಬ್ಬಳ್ಳಿ ಬಸ್ಸು. ಈಗ ಎಲ್ಲರಿಗೂ ಎಪ್ಪತ್ತು ದಾಟಿದೆ. ಒಬ್ಬನಿಗೆ ಮಂಡಿ ಬದಲಾಗಿದೆ, ಒಬ್ಬಳಿಗೆ ರಾತ್ರಿ ಕಣ್ಣು ಕಾಣದು, ನಾಲ್ಕು ಜನ ಅಮೆರಿಕದಲ್ಲಿ, ಒಬ್ಬ ಸಿಡ್ನಿಯಲ್ಲಿ. ಎಲ್ಲರನ್ನೂ ಒಂದೇ ಛತ್ರಕ್ಕೆ ಸೇರಿಸುವ ಕಾಲ ಮುಗಿಯಿತು. ಹಾಗಾಗಿ ಪರದೆಯ ಮೇಲೆ ಸೇರುತ್ತೇವೆ. ಇಲ್ಲಿಯವರೆಗೆ ಮೂರು ಸಲ ಸೇರಿದ್ದೇವೆ, ಮೊದಲ ಸಲದ ಎಡವಟ್ಟುಗಳಿಂದಲೇ ಈ ಬರಹದ ಮುಕ್ಕಾಲು ಪಾಲು ಹುಟ್ಟಿದ್ದು.

ಆ ಸಲ ಜೋಯಿಡಾ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಗೆಳೆಯ ಮನೆಯ ಹಿಂದಿನ ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಕೂತಿದ್ದ. ಒಂದೂವರೆ ಗಂಟೆಯಲ್ಲಿ ಅವನಿಗೆ ಕೇಳಿಸಿದ್ದು ಹನ್ನೊಂದು ನಿಮಿಷವಂತೆ. ಅದರಲ್ಲಿ ಎಂಟು ನಿಮಿಷ ನನ್ನ ಸ್ವಾಗತ ಭಾಷಣ. ಮರುದಿನ ಫೋನ್ ಮಾಡಿ, "ನಿನ್ನ ಭಾಷಣ ಕೇಳೂಲೆ ಗುಡ್ಡ ಹತ್ತವಾಗಿತ್ತನಾ ಮಾರಾಯಾ?" ಎಂದು ಬೈದ. ಅಂದಿನಿಂದ ಪ್ರತಿ ನಿರ್ಧಾರಕ್ಕೂ ನಮ್ಮಲ್ಲಿ ಒಂದೇ ಅಳತೆಗೋಲು: ಇದು ಜೋಯಿಡಾದವನಿಗೆ ತಲುಪುತ್ತದೋ? ನಿಮ್ಮ ಬ್ಯಾಚಿನಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಅವನು ಯಾರೆಂದು ಮೊದಲು ಗುರುತು ಮಾಡಿಟ್ಟುಕೊಳ್ಳಿ.

ಹೆಜ್ಜೆ 1: ಪಟ್ಟಿ (ಮೂರು ತಿಂಗಳು ಮುಂಚೆ)

ಕಾರ್ಯಕ್ರಮದ ಅರ್ಧ ಕೆಲಸ ಇದೇ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವವರೇ ಬ್ಯಾಚು ಎಂದುಕೊಳ್ಳಬೇಡಿ. ಗುಂಪಿಗೆ ಸೇರದವರು, ಸೇರಿ ಬಿಟ್ಟುಹೋದವರು, ಬಟನ್ ಫೋನಿನಲ್ಲೇ ಉಳಿದವರು ಇರುತ್ತಾರೆ. ಮೊದಲ ವರ್ಷದ ಗ್ರೂಪ್ ಫೋಟೋ ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಹೆಸರು ಬರೆಯಿರಿ. ನೆನಪಿಗೆ ಬಾರದ ಮುಖಗಳನ್ನು ಡಿಸೆಕ್ಷನ್ ಟೇಬಲ್ (ಹೆಣ ಕೊಯ್ದು ಅನಾಟಮಿ ಕಲಿಯುವ ಮೇಜು) ಲೆಕ್ಕದಲ್ಲಿ ಹುಡುಕಿ. ರೋಲ್ ನಂಬರ್ ಮರೆತವರಿಗೂ ತಮ್ಮ ಟೇಬಲ್ಲಿನಲ್ಲಿ ಎದುರಿಗೆ ಯಾರು ನಿಂತಿದ್ದರು ಎಂಬುದು ಮರೆತಿರುವುದಿಲ್ಲ. ಫಾರ್ಮಲಿನ್ ವಾಸನೆಯೊಂದಿಗೆ ಅದು ತಲೆಯೊಳಗೆ ಕೂತುಬಿಟ್ಟಿದೆ.

ಊರು ಗೊತ್ತು, ನಂಬರು ಗೊತ್ತಿಲ್ಲ ಅಂತಾದರೆ ಆ ಊರಿನ ಹಳೆಯ ಮೆಡಿಕಲ್ ಶಾಪಿಗೆ ಫೋನ್ ಮಾಡಿ. ನಿವೃತ್ತ ಡಾಕ್ಟರ ವಿಳಾಸ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರದು.

ನಮ್ಮ ಕಡೆಗೆ ಇನ್ನೊಂದು ತಾಪತ್ರಯ. ಬ್ಯಾಚಿನಲ್ಲಿ ಹೆಗಡೆ ಎಂದರೆ ಯಾವ ಹೆಗಡೆ? ಭಟ್ಟ ಎಂದರೆ ಯಾವ ಭಟ್ಟ? ಕರಾವಳಿಗೆ ಇಳಿದರೆ ನಾಯಕರದ್ದೂ ಅದೇ ಕತೆ. ಇನಿಷಿಯಲ್ ಕೂಡ ಒಂದೇ ಇದ್ದ ಇಬ್ಬರಲ್ಲಿ ಒಬ್ಬ ತೀರಿಕೊಂಡಾಗ, ನಾವು ಬದುಕಿದ್ದವನ ಮನೆಗೆ ಸಂತಾಪ ಕಳಿಸಿದ್ದೆವು. ಫೋನ್ ಎತ್ತಿದವನು ಅವನೇ. ಆದ್ದರಿಂದ ಪಟ್ಟಿಯಲ್ಲಿ ಹೆಸರಿನ ಮುಂದೆ ಊರನ್ನೂ ಹಾಸ್ಟೆಲಿನ ಅಡ್ಡಹೆಸರನ್ನೂ ಬರೆದಿಡಿ. "ತೀರಿಕೊಂಡವರು" ಎಂಬ ಸಾಲಿಗೆ ಹೆಸರು ಸೇರಿಸುವ ಮುಂಚೆ ಮನೆಯವರೊಬ್ಬರಿಂದ ಖಾತ್ರಿ ಮಾಡಿಕೊಳ್ಳಿ. "ಯಾರೋ ಅಂದರು" ಎಂಬುದು ಇಲ್ಲಿ ನಡೆಯದು.

ಪಟ್ಟಿಯಲ್ಲಿ ಇನ್ನೂ ಎರಡು ಕಾಲಂ ಇರಲಿ. ಒಂದು, ಇರುವ ದೇಶ. ಇನ್ನೊಂದು, ಯಾರ ಸಹಾಯ ಬೇಕು ಎಂಬುದು: ಮಗಳೋ, ಮೊಮ್ಮಗನೋ, ಪಕ್ಕದ ಮನೆಯ ಹುಡುಗನೋ. ಆ ಸಹಾಯಕರ ನಂಬರೇ ಕೊನೆಗೆ ಹೆಚ್ಚು ಉಪಯೋಗಕ್ಕೆ ಬರುವುದು.

ಹೆಜ್ಜೆ 2: ದಿನ ಮತ್ತು ಹೊತ್ತು

ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆಯೇ ಬೇಡ. ಮಳೆಗೆ ಮರ ಬಿದ್ದರೆ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೇ ಹೋಗುತ್ತವೆ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಶುರುವಾದರೆ ರೌಟರಿನ ಪ್ಲಗ್ ಕಿತ್ತಿಡಬೇಕಾಗುತ್ತದೆ. ನವೆಂಬರಿನಿಂದ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ತೋಟ ಇರುವ ಡಾಕ್ಟರು ಆಗ ಸ್ಟೆತೊಸ್ಕೋಪಿಗಿಂತ ಹೆಚ್ಚಾಗಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಹಿಂದೆ ಇರುತ್ತಾರೆ, ಆದರೆ ಕತ್ತಲಾದ ಮೇಲೆ ಸಿಗುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆಯ ವಾರಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ಮನೆ ತುಂಬ ನೆಂಟರಿರುವಾಗ ಲ್ಯಾಪ್‌ಟಾಪ್ ಹಿಡಿದು ಕೂತವನನ್ನು ಹೆಂಡತಿ ಸುಮ್ಮನೆ ಬಿಡುವುದಿಲ್ಲ. ನಾವು ಫೆಬ್ರವರಿಯ ಮೊದಲ ಭಾನುವಾರಕ್ಕೆ ಒಗ್ಗಿಕೊಂಡಿದ್ದೇವೆ.

ಹೊತ್ತಿನ ಲೆಕ್ಕವನ್ನು ಒಬ್ಬರೇ ಮಾಡಿ, ಎಲ್ಲರಿಗೂ ಬಿಡಿಸಿ ಬರೆದು ಕಳಿಸಿ. "ನಿಮ್ಮ ನಿಮ್ಮ ಸಮಯ ನೋಡಿಕೊಳ್ಳಿ" ಎಂದರೆ ಮೂವರು ತಪ್ಪು ದಿನ ಬರುತ್ತಾರೆ. ಫೆಬ್ರವರಿಯಲ್ಲಿ ಇಲ್ಲಿ ಭಾನುವಾರ ಸಂಜೆ 7:30 ಎಂದರೆ ದುಬೈಯಲ್ಲಿ ಸಂಜೆ 6, ಲಂಡನ್ನಿನಲ್ಲಿ ಮಧ್ಯಾಹ್ನ 2, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9, ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 6. ಸಿಡ್ನಿಯಲ್ಲಿ ಮಾತ್ರ ಸೋಮವಾರ ನಸುಕಿನ 1 ಗಂಟೆ. ಅದರ ಬದಲು ಭಾನುವಾರ ಬೆಳಿಗ್ಗೆ 7ಕ್ಕೆ ಇಟ್ಟರೆ ನ್ಯೂಯಾರ್ಕಿನವರಿಗೆ ಶನಿವಾರ ರಾತ್ರಿ 8:30, ಸಿಡ್ನಿಯವನಿಗೆ ಮಧ್ಯಾಹ್ನ 12:30. ಆದರೆ ಲಂಡನ್ನಿನವರಿಗೆ ನಡುರಾತ್ರಿ ದಾಟಿ 1:30. ಎಲ್ಲರಿಗೂ ಹೊಂದುವ ಹೊತ್ತು ಭೂಮಿಯ ಮೇಲಿಲ್ಲ. ತಲೆ ಎಣಿಸಿ, ಹೆಚ್ಚು ಜನರ ಕಡೆ ವಾಲಿ. ಸಿಡ್ನಿಯವನೊಂದಿಗೆ ನಾವು ಐದಾರು ಜನ ಮರುದಿನ ಬೆಳಿಗ್ಗೆ ಬೇರೆಯೇ ಅರ್ಧ ಗಂಟೆ ಕೂತೆವು. ನಿಜ ಹೇಳಬೇಕೆಂದರೆ ಮುಖ್ಯ ಕಾರ್ಯಕ್ರಮಕ್ಕಿಂತ ಅದೇ ಸೊಗಸಾಗಿತ್ತು.

ಮಾರ್ಚ್ ಮತ್ತು ನವೆಂಬರ್ ಆಸುಪಾಸು ಇಟ್ಟುಕೊಳ್ಳುವವರು ಜೋಪಾನ. ಅಮೆರಿಕದವರು ಮಾರ್ಚ್ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಬ್ರಿಟನ್ನಿನವರು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ಹಳೆಯ ಲೆಕ್ಕ ಕೆಡುತ್ತದೆ.

ಹೆಜ್ಜೆ 3: ಅತಿಥಿ

ಅತಿಥಿ ಉಪನ್ಯಾಸ ಬೇಕೇ ಬೇಕಾ ಎಂದು ನಮ್ಮಲ್ಲೇ ಜಗಳವಾಯಿತು. ಬೇಕು ಎನ್ನುವುದು ನನ್ನ ಅಭಿಪ್ರಾಯ. ಡಾಕ್ಟರು ವಿಚಿತ್ರ ಜನ. "ಸುಮ್ಮನೆ ಹರಟೋಣ ಬಾ" ಎಂದರೆ ಬಿಡುವಿಲ್ಲ ಎನ್ನುತ್ತಾರೆ, "ಒಂದು ಟಾಕ್ ಇದೆ" ಎಂದರೆ ಟೈ ಕಟ್ಟಿಕೊಂಡು ಬರುತ್ತಾರೆ. ಭಾಷಣ ಒಂದು ನೆಪ. ನೆಪ ಚೆನ್ನಾಗಿರಬೇಕು, ಉದ್ದ ಇರಬಾರದು. ಇಪ್ಪತ್ತು ನಿಮಿಷ, ಅಷ್ಟೇ.

ಯಾರನ್ನು ಕರೆಯಬೇಕು? ಪಾಠ ಹೇಳಿದ ಗುರುಗಳು ಯಾರಾದರೂ ಇದ್ದರೆ ಮೊದಲ ಮಣೆ ಅವರಿಗೆ. ಆದರೆ ತೊಂಬತ್ತರ ಹತ್ತಿರ ಇರುವವರಿಗೆ ಸ್ಲೈಡು ಹಾಕಿ ಉಪನ್ಯಾಸ ಕೊಡಿ ಎನ್ನಬೇಡಿ. ಹಳೆಯ ವಿದ್ಯಾರ್ಥಿಯೊಬ್ಬ ಅವರ ಮನೆಗೇ ಹೋಗಿ, ಪಕ್ಕದಲ್ಲಿ ಕೂತು, ನಾಲ್ಕು ಪ್ರಶ್ನೆ ಕೇಳಲಿ. ಫೋನ್ ಹಿಡಿಯುವ ಕೆಲಸವೂ ಅವನದೇ. ಗುರುಗಳು ಕಷಾಯ ಕುಡಿಯುತ್ತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನೀವು ಹೇಳಿದ ತಪ್ಪು ಉತ್ತರವನ್ನು ನೆನಪಿಸಿದರೆ ಅದಕ್ಕಿಂತ ದೊಡ್ಡ ಉಪನ್ಯಾಸ ಬೇಕಿಲ್ಲ.

ಹೊರಗಿನವರನ್ನು ಕರೆಯುವುದಾದರೆ ವಿಷಯ ನಿಮ್ಮ ನೆಲದ್ದಿರಲಿ. ನಮ್ಮ ಮೂರನೆಯ ಕೂಟಕ್ಕೆ ಮಂಗನ ಕಾಯಿಲೆಯ ಬಗ್ಗೆ ಊರೂರು ಸುತ್ತಿ ಕೆಲಸ ಮಾಡಿದ ವೈದ್ಯರೊಬ್ಬರನ್ನು ಕರೆದೆವು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಆ ಕಾಯಿಲೆ ಗುರುತಾದದ್ದು 1957ರಲ್ಲಿ. ಹುಬ್ಬಳ್ಳಿಯ ನಮ್ಮ ಕಾಲೇಜು ಶುರುವಾದದ್ದೂ ಅದೇ ವರ್ಷ! ನಮ್ಮ ಕಾಲಕ್ಕೆ ಪಿಎಸ್‌ಎಂ (ರೋಗ ತಡೆ ಮತ್ತು ಸಮುದಾಯ ವೈದ್ಯಶಾಸ್ತ್ರ) ಪಾಠದಲ್ಲಿ ಅದನ್ನು ಬಾಯಿಪಾಠ ಮಾಡಿ ಪಾಸಾಗಿ, ಮರೆತೂ ಬಿಟ್ಟಿದ್ದೆವು. ಆಮೇಲೆ ಸಿದ್ದಾಪುರ, ಹೊನ್ನಾವರ ಕಡೆ ಪ್ರಾಕ್ಟೀಸಿಗೆ ಕೂತವರ ಮುಂದೆ ಅದೇ ಕಾಯಿಲೆ ಜ್ವರ, ತಲೆನೋವು, ಕೆಂಪು ಕಣ್ಣು ಹೊತ್ತು ಬಂದು ನಿಂತಿತು. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಂತದ್ದು, 2024ರಲ್ಲಿ ಸಿದ್ದಾಪುರದಲ್ಲಿ ಮತ್ತೆ ಜೋರಾದದ್ದು, ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಕಚ್ಚದ ಹಾಗೆ ಕಾಡಿಗೆ ಹೋಗುವವರು ಏನು ಹಚ್ಚಿಕೊಳ್ಳಬೇಕು ಎಂಬುದು: ಇದೆಲ್ಲ ಅಮೆರಿಕದ ಹೃದ್ರೋಗ ತಜ್ಞನಿಗೂ ಹೊಸದು, ಊರಿನ ಡಾಕ್ಟರಿಗೂ ಕೆಲಸಕ್ಕೆ ಬರುವಂಥದ್ದು. ಹೊಸ ಸ್ಟೆಂಟಿನ ಬಗ್ಗೆ ಯಾರಾದರೂ ಮಾತಾಡಿದ್ದರೆ ಅರ್ಧ ಜನ ಕ್ಯಾಮೆರಾ ಆಫ್ ಮಾಡಿ ಊಟಕ್ಕೆ ಏಳುತ್ತಿದ್ದರು.

ಆಹ್ವಾನವನ್ನು ಫೋನಿನಲ್ಲಿ ಹೇಳಿ, ಆಮೇಲೆ ಬರಹದಲ್ಲೂ ಕಳಿಸಿ. ಕೇಳುವವರು ಎಷ್ಟು ಜನ, ಅವರ ವಯಸ್ಸೆಷ್ಟು, ಎಷ್ಟು ನಿಮಿಷ, ಸ್ಲೈಡು ಹತ್ತಕ್ಕಿಂತ ಹೆಚ್ಚು ಬೇಡ, ಅಕ್ಷರ ದಪ್ಪ ಇರಲಿ, ಭಾಷಣ ರೆಕಾರ್ಡ್ ಮಾಡಬಹುದೋ ಹೇಗೆ. ಇಷ್ಟು ಸಾಕು. ಇದು ಸಿಎಂಇ (ವೈದ್ಯರ ಮುಂದುವರಿದ ಶಿಕ್ಷಣದ ಕಾರ್ಯಕ್ರಮ) ಅಲ್ಲ, ಕ್ರೆಡಿಟ್ ಅವರ್ ಸಿಗುವುದಿಲ್ಲ ಎಂಬುದನ್ನು ಬ್ಯಾಚಿನವರಿಗೂ ಹೇಳಿಬಿಡಿ. ಅದು ಬೇಕೆಂದರೆ ಮೆಡಿಕಲ್ ಕೌನ್ಸಿಲ್‌ಗೆ ಮೊದಲೇ ಅರ್ಜಿ ಹಾಕುವ ಬೇರೆಯೇ ಕೆಲಸ.

ಅತಿಥಿಗೆ ನೆನಪಿನ ಕಾಣಿಕೆಯಾಗಿ ಫಲಕ ಕಳಿಸಬೇಡಿ, ಎಲ್ಲ ಡಾಕ್ಟರ ಮನೆಯಲ್ಲೂ ಅದನ್ನಿಡಲು ಜಾಗವಿಲ್ಲ. ತೊಡೆದೇವು, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ ಪಾರ್ಸೆಲ್ ಮಾಡಿ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿದೆ ಎಂಬ ಹೆಮ್ಮೆಯಲ್ಲಿ ನಮ್ಮವನೊಬ್ಬ ಅಡಿಕೆ ಕಳಿಸೋಣ ಎಂದ. ಬಾಯಿ ಕ್ಯಾನ್ಸರಿನ ಆಪರೇಷನ್ ಮಾಡಿಯೇ ಜೀವನ ಕಳೆದ ಸಹಪಾಠಿ ಅವನನ್ನು ಗುಂಪಿನಲ್ಲೇ ತರಾಟೆಗೆ ತೆಗೆದುಕೊಂಡಳು. ಅವನದು ಎಂಟು ಎಕರೆ ತೋಟ, ಪಾಪ.

ಹೆಜ್ಜೆ 4: ಯಾವ ಆ್ಯಪ್

ನೀವು ಮೂವತ್ತು ಜನರೊಳಗಿದ್ದರೆ ಹೊಸದೇನೂ ಬೇಡ. ವಾಟ್ಸ್‌ಆ್ಯಪ್ ವಿಡಿಯೊ ಕರೆಗೆ 32 ಜನ ಸೇರಬಹುದು, ಎಲ್ಲರಿಗೂ ಕೈಗೆ ರೂಢಿಯಾಗಿರುವ ಆ್ಯಪ್ ಅದು. ಅದಕ್ಕಿಂತ ಹೆಚ್ಚಿದ್ದರೆ ಝೂಮ್ ಅಥವಾ ಗೂಗಲ್ ಮೀಟ್. ಎರಡರ ಉಚಿತ ಖಾತೆಯಲ್ಲೂ 100 ಜನರವರೆಗೆ ಜಾಗವಿದೆ, ಆದರೆ ಝೂಮ್ 40 ನಿಮಿಷಕ್ಕೆ, ಮೀಟ್ 60 ನಿಮಿಷಕ್ಕೆ ಮುಗಿಯುತ್ತದೆ. ನಲವತ್ತನೆಯ ನಿಮಿಷಕ್ಕೆ ಅತಿಥಿಯ ಮಾತು ಅರ್ಧಕ್ಕೆ ತುಂಡಾಗುವ ಅವಮಾನ ಬೇಡವೆಂದು ನಾವು ಒಂದು ತಿಂಗಳ ಮಟ್ಟಿಗೆ ಝೂಮ್‌ಗೆ ದುಡ್ಡು ಕಟ್ಟಿದೆವು. ಚಿಕ್ಕ ಚಿಕ್ಕ ಕೋಣೆಗಳಾಗಿ ಒಡೆಯುವ ಬ್ರೇಕ್‌ಔಟ್ ಸೌಲಭ್ಯ ಅದರಲ್ಲಿ ನಮಗೆ ಹಿಡಿಸಿತು.

ಹೆಜ್ಜೆ 5: ಕರೆಂಟು ಮತ್ತು ಸಿಗ್ನಲ್

ಬೆಂಗಳೂರಿನವರು ಈ ಭಾಗ ಹಾರಿಸಿ ಮುಂದೆ ಹೋಗಬಹುದು. ನಾವು ಇಲ್ಲಿ ಸ್ವಲ್ಪ ಕೂರೋಣ.

ಇನ್ವರ್ಟರ್ ಇದ್ದರೂ ರೌಟರ್ ಅದರ ಲೈನಿನಲ್ಲಿ ಇದೆಯೋ ನೋಡಿ. ಎಷ್ಟೋ ಮನೆಗಳಲ್ಲಿ ಫ್ಯಾನು ತಿರುಗುತ್ತಿರುತ್ತದೆ, ರೌಟರ್ ಸತ್ತಿರುತ್ತದೆ. ರೌಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಒಂದು ಕೊಂಡಿಟ್ಟುಕೊಳ್ಳಿ. ಭಾನುವಾರ ಲೈನ್ ಕೆಲಸ ಇದೆಯೋ ಎಂದು ಎರಡು ದಿನ ಮುಂಚೆ ಸೆಕ್ಷನ್ ಆಫೀಸಿಗೆ ಕೇಳಿ. ಲೈನ್‌ಮ್ಯಾನ್ ನಿಮ್ಮ ಹಳೆಯ ಪೇಷಂಟ್ ಆಗಿದ್ದರೆ ಇನ್ನೂ ಒಳ್ಳೆಯದು.

ಮೀಟಿಂಗ್ ನಡೆಸುವವರು ಒಂದೇ ಊರಿನವರಾಗಬಾರದು. ನಾನು ಶಿರಸಿಯಿಂದ ಹೋಸ್ಟ್, ಕಾರವಾರದ ಗೆಳತಿಯೊಬ್ಬಳು, ಹುಬ್ಬಳ್ಳಿಯ ಒಬ್ಬ ಕೋ-ಹೋಸ್ಟ್. ಬೇರೆ ಬೇರೆ ಕಂಪನಿಯ ನೆಟ್. ನಮ್ಮ ಮನೆಯಲ್ಲಿ ಎಲ್ಲ ಬಂದ್ ಆದರೂ ಅಲ್ಲಿ ನಡೆಯುತ್ತಿರುತ್ತದೆ. ಅತಿಥಿಯ ಸ್ಲೈಡು ಮೂವರ ಹತ್ತಿರವೂ ಇರಬೇಕು. ಅತಿಥಿಯ ನೆಟ್ ಸೋತರೆ ಅವರು ಫೋನಿನಲ್ಲಿ ಮಾತಾಡಲಿ, ಸ್ಲೈಡು ನೀವು ತಿರುಗಿಸಿ.

ವಿಡಿಯೊ ಗಂಟೆಗೆ ಸುಮಾರು ಒಂದು ಜಿಬಿ ತಿನ್ನಬಹುದು, ಬರೀ ಧ್ವನಿಗೆ ಮೂವತ್ತು ನಲವತ್ತು ಎಂಬಿ ಸಾಕು. ಸಿಗ್ನಲ್ ಒಂದು ಕಡ್ಡಿ ಇರುವವರಿಗೆ "ಕ್ಯಾಮೆರಾ ಮುಚ್ಚಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ" ಎಂದು ಮುಂಚೆಯೇ ಹೇಳಿ. ಇಲ್ಲದಿದ್ದರೆ ಮರ್ಯಾದೆಗೆ ಅಂಜಿ ಆನ್ ಇಟ್ಟುಕೊಂಡು, ಧ್ವನಿಯನ್ನೂ ಕಳೆದುಕೊಳ್ಳುತ್ತಾರೆ.

ಡೇಟಾವೇ ಬಾರದ ಕಡೆ? ಜೋಯಿಡಾದವನ ಮನೆಯ ಒಂದು ಮೂಲೆಯಲ್ಲಿ ಮಾಮೂಲಿ ಫೋನ್ ಕರೆ ಮಾತ್ರ ಹಿಡಿಯುತ್ತದೆ. ಕಾರವಾರದ ಗೆಳತಿ ಅವನಿಗೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ತನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. ಅವನು ಮಾತಾಡುವಾಗ ಲ್ಯಾಪ್‌ಟಾಪಿನ ಸ್ಪೀಕರ್ ಇಳಿಸಬೇಕು, ಇಲ್ಲವಾದರೆ ಕೀಂ ಎನ್ನುತ್ತದೆ. ಆ್ಯಪ್ ಇಲ್ಲ, ಲಿಂಕ್ ಇಲ್ಲ, ಗುಡ್ಡ ಹತ್ತುವುದಿಲ್ಲ. ಈ ಮನುಷ್ಯ ಮೂರನೆಯ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದ.

ಹೆಜ್ಜೆ 6: ತಾಲೀಮು

ಯಕ್ಷಗಾನಕ್ಕೆ ಬೇಕು, ಇದಕ್ಕೆ ಬೇಡವೇ? ವಾರ ಮುಂಚೆ ಎರಡು ಸಂಜೆ ಲಿಂಕ್ ತೆರೆದಿಟ್ಟು, ಬಂದವರಿಗೆ ಮೂರು ವಿಷಯ ಮಾತ್ರ ಕಲಿಸಿ: ಮ್ಯೂಟ್ ತೆಗೆಯುವುದು, ಹಾಕುವುದು, ಫೋನನ್ನು ಗೋಡೆಗೆ ಆನಿಸಿ ಮುಖ ಕಾಣುವ ಹಾಗೆ ಇಡುವುದು. ಕಿಟಕಿ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುತ್ತದೆ. ಹಿಯರಿಂಗ್ ಏಡ್ ಇರುವವರು ಮೊಮ್ಮಕ್ಕಳ ನೆರವಿನಿಂದ ಬ್ಲೂಟೂತ್ ಜೋಡಿಸಿಕೊಂಡರೆ ನಿಚ್ಚಳ ಕೇಳುತ್ತದೆ. ಪರದೆಯ ಮೇಲಿನ ಹೆಸರು ಬದಲಿಸಿ ಊರನ್ನೂ ಸೇರಿಸಿ. ಮಗನ ಲ್ಯಾಪ್‌ಟಾಪಿನಿಂದ ಬಂದವನು "ಸ್ಯಾಮ್ಸಂಗ್" ಎಂದೋ ಸೊಸೆಯ ಹೆಸರಲ್ಲೋ ಕಾಣಿಸಿಕೊಂಡರೆ ಹೋಸ್ಟ್ ಒಳಗೆ ಬಿಡುವವರೆಗೆ ಕಾಯಿಸುವ ಆ್ಯಪ್‌ನ ವೇಟಿಂಗ್ ರೂಮಿನಲ್ಲೇ ಉಳಿಯುತ್ತಾನೆ. ಅತಿಥಿಯೊಂದಿಗೆ ಬೇರೆಯೇ ಹತ್ತು ನಿಮಿಷದ ತಾಲೀಮು, ಸ್ಲೈಡು ಸಮೇತ.

ಹೆಜ್ಜೆ 7: ಆ ದಿನ

ಲಿಂಕನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಪಾಸ್‌ಕೋಡ್, ವೇಟಿಂಗ್ ರೂಮ್ ಇರಲಿ. ಸ್ಕ್ರೀನ್ ಹಂಚುವ ಅಧಿಕಾರ ಹೋಸ್ಟುಗಳಿಗೆ ಮಾತ್ರ.

7:00ಕ್ಕೇ ಬಾಗಿಲು ತೆರೆಯಿರಿ. ಮೊದಲ ಅರ್ಧ ಗಂಟೆ "ಕೇಳ್ತಾ ಇದ್ದಾ?", "ನಿನ್ನ ಕೂದಲೆಲ್ಲಿ ಹೋಯ್ತೋ?" ಇಷ್ಟರಲ್ಲೇ ಹೋಗುತ್ತದೆ, ಹೋಗಲಿ. ಅದನ್ನು ಕಾರ್ಯಕ್ರಮದ ಹೊರಗಿನ ಗದ್ದಲ ಎಂದುಕೊಂಡದ್ದೇ ನಮ್ಮ ಮೊದಲ ವರ್ಷದ ತಪ್ಪು.

7:30ಕ್ಕೆ ಎಲ್ಲರನ್ನೂ ಮ್ಯೂಟ್ ಮಾಡಿ. ಸ್ವಾಗತ ಎರಡು ನಿಮಿಷ. ಕೂಡಲೇ ಅಗಲಿದವರ ನೆನಪು. ಒಬ್ಬೊಬ್ಬರ ಹಳೆಯ ಫೋಟೋ, ಹೆಸರು, ಊರು, ಹತ್ತು ಸೆಕೆಂಡು ಮೌನ. ಸಾಧನೆಯ ಪಟ್ಟಿ ಓದಬೇಡಿ. ಯಾರ ಪಟ್ಟಿ ಉದ್ದ, ಯಾರದ್ದು ಗಿಡ್ಡ ಎಂಬ ತೂಕ ಅಲ್ಲಿಗೂ ಬರಬಾರದು. ತೀರಿಕೊಂಡವರ ಹೆಂಡತಿ ಅಥವಾ ಗಂಡನನ್ನೂ ಕರೆಯಿರಿ. ನಾವು ಕರೆದ ಏಳು ಮನೆಯವರಲ್ಲಿ ಐದು ಮನೆಯವರು ಬಂದರು, ಕೊನೆಯವರೆಗೂ ಕೂತರು.

7:45ಕ್ಕೆ ಅತಿಥಿ. ಪರಿಚಯ ಮೂರು ವಾಕ್ಯ, ಬಯೋಡೇಟಾ ಅಲ್ಲ. ಇಪ್ಪತ್ತು ನಿಮಿಷ ಮಾತು, ಹದಿನೈದು ನಿಮಿಷ ಪ್ರಶ್ನೆ. ಪ್ರಶ್ನೆಗಳನ್ನು ಹಿಂದಿನ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ನಾಲ್ಕೈದನ್ನು ಆರಿಸಿಟ್ಟುಕೊಳ್ಳಿ. ನಿವೃತ್ತ ಪ್ರೊಫೆಸರ್ ಕೈ ಎತ್ತಿದರೆ ಅದು ಪ್ರಶ್ನೆಯಾಗಿರುವುದು ಅಪರೂಪ. ಕರೆಯದಿದ್ದರೆ ಸಿಟ್ಟು ಬರುತ್ತದೆ, ಕರೆದರೆ ಎರಡನೆಯ ಉಪನ್ಯಾಸ ಶುರುವಾಗುತ್ತದೆ. "ಸರ್, ಒಂದು ನಿಮಿಷ" ಎಂದು ನಗುತ್ತ ಹೇಳಿ ಗಡಿಯಾರ ತೋರಿಸುವ ಒಬ್ಬ ಗಟ್ಟಿ ಸಹಪಾಠಿಯನ್ನು ನಿರೂಪಣೆಗೆ ಹಾಕಿ. ನಮ್ಮಲ್ಲಿ ಆ ಕೆಲಸಕ್ಕೆ ಹೆರಿಗೆ ಡಾಕ್ಟರೇ ಸರಿ ಎಂದು ಸಾಬೀತಾಗಿದೆ. ಕೇಸು ಹೇಳುವವರು ರೋಗಿಯ ಹೆಸರು, ಮುಖ, ಹೆಸರಿರುವ ಎಕ್ಸ್‌ರೇ ತೋರಿಸಬಾರದು. ಮೂವತ್ತು ವರ್ಷ ಹಳೆಯದಾದರೂ ಅಷ್ಟೇ, ಆ ರೋಗಿಯ ಮೊಮ್ಮಗಳು ನಿಮ್ಮ ಪಕ್ಕದ ಬೀದಿಯಲ್ಲೇ ಇರಬಹುದು. ತನ್ನ ಸ್ವಂತ ಬೆನ್ನುನೋವಿಗೆ ಅತಿಥಿಯ ಸಲಹೆ ಕೇಳುವವರನ್ನು ನಯವಾಗಿ ತಡೆಯಿರಿ.

8:20ರಿಂದ ಹಾಸ್ಟೆಲ್ ರೂಮುಗಳು. ಬ್ರೇಕ್‌ಔಟ್‌ನಲ್ಲಿ ಆರಾರು ಜನರಂತೆ ಇಪ್ಪತ್ತು ನಿಮಿಷ ಬಿಡಿ. ಆ್ಯಪ್ ತನ್ನ ಪಾಡಿಗೆ ಹಂಚಲು ಬಿಡದೆ ಪಟ್ಟಿ ನೀವೇ ಮಾಡಿ: ಒಂದೇ ಡಿಸೆಕ್ಷನ್ ಟೇಬಲ್ಲಿನವರು, ಒಟ್ಟಿಗೇ ಹೌಸ್‌ಮನ್‌ಶಿಪ್ (ಓದು ಮುಗಿದ ಮೇಲಿನ ಆಸ್ಪತ್ರೆ ತರಬೇತಿ) ಮಾಡಿದವರು. ಪ್ರತಿ ಕೋಣೆಯಲ್ಲೂ ಮಾತು ಎತ್ತಿಕೊಡುವ ಒಬ್ಬರಿರಲಿ. ನೆನಪು ಕೈಕೊಡುತ್ತಿರುವ ಗೆಳೆಯರಿದ್ದರೆ ಅವರ ಮನೆಯವರೂ ಪಕ್ಕದಲ್ಲಿ ಕೂರಲಿ, "ನಾನ್ಯಾರು ಹೇಳು ನೋಡೋಣ" ಎಂಬ ಪರೀಕ್ಷೆ ಯಾರೂ ಮಾಡಬಾರದೆಂದು ಮೊದಲೇ ತಾಕೀತು ಮಾಡಿ.

ಆಮೇಲೆ ಎಲ್ಲರೂ ಮತ್ತೆ ಒಂದೇ ಪರದೆಗೆ. ಒಂದು ಸ್ಕ್ರೀನ್‌ಶಾಟ್, ಅದೇ ಗ್ರೂಪ್ ಫೋಟೋ. ಪರದೆಯಲ್ಲಿ 25 ಮುಖ ಕಂಡರೆ ಎರಡು ಮೂರು ಪುಟ ತೆಗೆಯಬೇಕಾಗುತ್ತದೆ, ಮರೆಯಬೇಡಿ. ಹಾಡು ಹಾಕುವುದಿದ್ದರೆ ಸ್ಕ್ರೀನ್ ಹಂಚುವಾಗ "ಶೇರ್ ಸೌಂಡ್" ಒತ್ತಿ, ಇಲ್ಲದಿದ್ದರೆ ನಿಮ್ಮೊಬ್ಬರಿಗೇ ಕೇಳುತ್ತದೆ. 9ಕ್ಕೆ ಮುಗಿಯಿತು ಎಂದು ಹೇಳಿ, ಆದರೆ ಮೀಟಿಂಗ್ ಮುಚ್ಚಬೇಡಿ. ನಮ್ಮಲ್ಲಿ ಹನ್ನೆರಡು ಜನ ಹತ್ತೂಕಾಲರವರೆಗೆ ಕೂತಿದ್ದರು.

ಹೆಜ್ಜೆ 8: ಮರುದಿನ

ರೆಕಾರ್ಡಿಂಗ್‌ನಲ್ಲಿ ಅತಿಥಿಯ ಭಾಷಣವನ್ನಷ್ಟೇ ಕತ್ತರಿಸಿ ಗುಂಪಿಗೆ ಹಾಕಿ, ಅವರು ಒಪ್ಪಿದ್ದರೆ ಮಾತ್ರ. ಹರಟೆಯದ್ದು ಯಾರಿಗೂ ಬೇಡ, ಅಳಿಸಿಬಿಡಿ. ಡೇಟಾ ಕಡಿಮೆ ಇರುವವರಿಗೆ ಧ್ವನಿ ಮಾತ್ರ ತೆಗೆದು ಕಳಿಸಿ. ಬಾರದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ. ಕಾಯಿಲೆಯಲ್ಲಿದ್ದಾರೆ ಎಂಬುದು ಎಷ್ಟೋ ಸಲ ಗೊತ್ತಾಗುವುದು ಹೀಗೆಯೇ. ಪಟ್ಟಿಯನ್ನು ತಿದ್ದಿ, ಮುಂದಿನ ಸಲ ನಡೆಸುವವರ ಕೈಗೆ ಕೊಡಿ.

ಝೂಮ್ ಖಾತೆಯಲ್ಲಿ ಆಟೊ-ರಿನ್ಯೂವಲ್ ಆಫ್ ಮಾಡಿ. ನಾನು ಮರೆತೆ, ಮೂರು ತಿಂಗಳು ದುಡ್ಡು ಕಡಿತವಾಯಿತು. ಆ ಖಾತೆಯಲ್ಲಿ ಅಷ್ಟೂ ದಿನ ಪ್ರತಿ ಭಾನುವಾರ ಸೇರಿದ್ದು ಇಬ್ಬರೇ: ನಾನು, ಮತ್ತು ಕಾರವಾರದ ಗೆಳತಿಯ ಲ್ಯಾಪ್‌ಟಾಪಿನ ಪಕ್ಕದ ಫೋನಿನಲ್ಲಿ ಜೋಯಿಡಾದವನು.